ಗೋಡು ಗಲೀಜಲ್ಲ

ಪುಸ್ತಕದಲ್ಲಿ ಆ ಪಾಠ ಇದ್ದದ್ದು ಅರ್ಧ ಪುಟ. ಮೊದಲ ಸಲ ಓದಿದಾಗ ನನಗೇ ತಲೆಬುಡ ತಿಳಿಯಲಿಲ್ಲ. ವಿಜ್ಞಾನ ಓದಿ, ವಿಜ್ಞಾನವನ್ನೇ ಕಲಿಸಿ ಅನ್ನ ತಿನ್ನುತ್ತಿದ್ದವಳು ನಾನು.

"ಹವಳ ಲಗೂನುಗಳಲ್ಲಿ ಅವಸಾದ ಹಾಗೂ ಜಲಸ್ತಂಭದ ನಡುವೆ ಪೋಷಕಾಂಶಗಳ ಅನವರತ ವಿನಿಮಯ ಜರುಗುತ್ತಿರುತ್ತದೆ." ಪಾಠ ಶುರುವಾಗುವುದೇ ಹೀಗೆ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ನಾನಾಗ ತಾಳವಾಡಿಯ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ರಾಜ್ಯ ತಮಿಳುನಾಡು, ಮನೆಮಾತು ಕನ್ನಡ, ಸಂತೆಮಾತು ಎರಡೂ. ನಮ್ಮ ಪುಸ್ತಕಗಳು ದೂರದ ಯಾವುದೋ ಊರಿನಲ್ಲಿ ಯಾರ ಕೈಯಲ್ಲೋ ಕನ್ನಡವಾಗಿ, ಶಾಲೆ ಶುರುವಾಗಿ ಎಷ್ಟೋ ಕಾಲಕ್ಕೆ ಬಸ್ಸಿನ ಟಾಪಿನ ಮೇಲೆ ಘಾಟಿ ಹತ್ತಿ ಬರುತ್ತಿದ್ದವು. ಬಂದದ್ದನ್ನು ಓದಿಸಬೇಕು. ಇದು ಯಾವ ಊರಿನ ಕನ್ನಡ ಎಂದು ಕೇಳಲು ಅಲ್ಲಿ ಯಾರೂ ಸಿಗುತ್ತಿರಲಿಲ್ಲ.

ಆ ವಾಕ್ಯ ಓದಿ ಮುಗಿಸಿದ್ದೇ ತಡ, ಎರಡನೇ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ದೊಡ್ಡಗಾಜನೂರಿನ ಕಡೆಯಿಂದ ನಡೆದು ಬರುತ್ತಿದ್ದವಳು, ಅರಿಶಿನ ಬೆಳೆಯುವ ಮನೆಯ ಮಗಳು. ಕೇಳುವುದಕ್ಕೆ ಯಾವತ್ತೂ ಹಿಂಜರಿದವಳಲ್ಲ.

"ಟೀಚರ್, ಅವಸಾದ ಅಂದ್ರ ಏನ್ ಟೀಚರ್? ಯಾರಾರ ಸತ್ತೋದ್ರಾ?"

ಅವಸಾನ ಎಂಬ ಮಾತು ಅವಳಿಗೆ ಗೊತ್ತಿತ್ತು, ಕನ್ನಡ ಪಾಠದಲ್ಲಿ ಬಂದಿತ್ತು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಸಂಜೆ ಮನೆಗೆ ಹೋಗಿ ನಿಘಂಟು ತೆಗೆದರೆ ಅವಸಾದ ಅಂದರೆ ಕುಗ್ಗುವುದು, ದಣಿವು, ಬೇಸರ ಎಂದಿತ್ತು. ನಗು ಅಲ್ಲಿಗೆ ನಿಂತಿತು. ಯಾರಪ್ಪಾ ಇವರು, ಕಡಲಿನ ತಳದಲ್ಲಿ ದಣಿವನ್ನೂ ಬೇಸರವನ್ನೂ ಹರವಿ, ಇದನ್ನು ಓದಿಕೊಳ್ಳಿ ಎಂದು ನಮ್ಮ ಮಕ್ಕಳ ಕೈಗೆ ಕೊಟ್ಟವರು? ತಳದಿಂದ ಮೇಲಿನವರೆಗಿನ ನೀರಿಗೆ ಜಲಸ್ತಂಭವಂತೆ. ದೇವಸ್ಥಾನದ ಕಲ್ಲುಕಂಬ ಬಿಟ್ಟರೆ ಬೇರೆ ಸ್ತಂಭ ಕಾಣದ ಮಕ್ಕಳು ಕಡಲಿನ ನಡುವೆ ನೀರಿನ ಕಂಬ ನಿಂತಿದೆ ಎಂದೇ ಚಿತ್ರ ಬರೆದುಕೊಂಡು ಬಂದರು. ಅವರನ್ನು ಹೇಗೆ ಬೈಯಲಿ?

ಆ ವರ್ಷದ ದಸರಾ ರಜೆಯಲ್ಲಿ ವಿಜ್ಞಾನದ ಮೇಷ್ಟರುಗಳಿಗೆ ಒಂದು ತರಬೇತಿ ಬಂತು, ರಾಮೇಶ್ವರದ ಕಡೆಯ ಕಡಲ ತೀರದಲ್ಲಿ. ನಮ್ಮ ಶಾಲೆಯಿಂದ ಹೋಗಲು ಯಾರಿಗೂ ಮನಸ್ಸಿರಲಿಲ್ಲ. ಹೆಡ್‌ಮಾಸ್ಟರು ನನ್ನ ಕಡೆ ನೋಡಿದರು. ನಾನು ಒಪ್ಪಿಕೊಂಡೆ. ಮನೆಯಲ್ಲಿ ಅತ್ತೆ ಮಾತ್ರ ನಂಬಲಿಲ್ಲ.

"ಸಮುದ್ರ ನೋಡ್ಕಂಡ್ ಬಾ ಅಂತ ಸಂಬ್ಳ ಕೊಟ್ಟು ಕಳುಸ್ತಾರಾ? ಯಾವ್ ಸರ್ಕಾರವ್ವ ಅದು?"

ಹಾಸನೂರು ದಾಟಿ, ದಿಂಬಂ ಘಾಟಿ ಇಳಿದು, ಸತ್ಯಮಂಗಲದಲ್ಲಿ ಬಸ್ಸು ಬದಲಿಸಿ, ಮುಂದೆ ರೈಲು. ಕಡಲನ್ನು ಅದಕ್ಕೆ ಮೊದಲು ನಾನೂ ನೋಡಿರಲಿಲ್ಲ. ನೋಡದೆಯೇ ವರ್ಷಗಟ್ಟಲೆ ಅದರ ಪಾಠ ಮಾಡಿದ್ದೆ.

ಅಲ್ಲಿ ನಮಗೆ ತೋರಿಸಿ ಹೇಳಿಕೊಡಲು ಬಂದವಳು ಕಡಲನ್ನೇ ಓದುತ್ತಿದ್ದ ಒಬ್ಬ ತಮಿಳು ಹುಡುಗಿ. ಬಿಸಿಲಿಗೆ ಕಪ್ಪಿಟ್ಟ ಮುಖ, ಚೂಡಿದಾರದ ಮೇಲೆ ಗಂಡಸರ ಅಂಗಿ, ಕಾಲಿಗೆ ಪ್ಲಾಸ್ಟಿಕ್ ಚಪ್ಪಲಿ. ದೋಣಿಯಲ್ಲಿ ನಮ್ಮನ್ನು ಹವಳದ ದಿಬ್ಬದ ಒಳಮೈಗೆ ಕರೆದುಕೊಂಡು ಹೋದಳು. ಹೊರಗಡೆ ಅಲೆ ದಿಬ್ಬಕ್ಕೆ ಬಡಿದು ಒಡೆಯುತ್ತಿತ್ತು. ಒಳಗಡೆ ನೀರು ಕೆರೆಯ ಹಾಗೆ ಸುಮ್ಮನಿತ್ತು, ಸೊಂಟದ ಮಟ್ಟ. ಅದೇ ಲಗೂನ್. ಇಳಿದು ನಿಂತರೆ ನನ್ನ ಕಾಲ್ಬೆರಳ ಉಗುರು ಕಾಣುತ್ತಿತ್ತು.

"ಅಕ್ಕಾ, ಈ ನೀರಲ್ಲಿ ತಿನ್ನೋಕೆ ಏನಾದರೂ ಇದೆ ಅನ್ನಿಸುತ್ತಾ?" ಎಂದು ತಮಿಳಿನಲ್ಲಿ ಕೇಳಿದಳು.

ಏನೂ ಇಲ್ಲ, ಕನ್ನಡಿ ಹಾಗಿದೆ ಎಂದೆ.

"ಹಾಗಾದರೆ ಇಷ್ಟು ಹವಳ, ಇಷ್ಟು ಮೀನು, ಏಡಿ, ಪಾಚಿ, ಇವೆಲ್ಲ ಏನು ತಿಂದು ಬದುಕಿವೆ?"

ಅವಳು ಗಾಜಿನಂಥ ಒಂದು ದೊಡ್ಡ ಬೋಗುಣಿಯನ್ನು ಬೋರಲು ಮಾಡಿ ತಳದ ಮರಳಿನೊಳಕ್ಕೆ ಒತ್ತಿ ಕೂರಿಸಿದಳು. ಅದರ ನೆತ್ತಿಗೆ ಒಂದು ಸಣ್ಣ ಕೊಳವೆ. ಅದರಿಂದ ಸಿರಿಂಜಿನಲ್ಲಿ ಆಗೊಮ್ಮೆ ಈಗೊಮ್ಮೆ ನೀರು ಎಳೆದು ಸೀಸೆಗೆ ತುಂಬುತ್ತ ಹೇಳಿದಳು: ಸತ್ತ ಪಾಚಿ, ಮೀನಿನ ಹೇಲು, ಉದುರಿದ ಚೂರುಪಾರು ಎಲ್ಲ ತಳಕ್ಕೆ ಇಳಿಯುತ್ತವೆ. ಮರಳಿನೊಳಗಿನ ಕಣ್ಣಿಗೆ ಕಾಣದ ಜೀವಗಳು ಅದನ್ನೆಲ್ಲ ಅರಗಿಸುತ್ತವೆ. ಅರಗಿಸಿ ಉಳಿದ ಸಾರಜನಕ, ರಂಜಕ ಮರಳಿನ ಸಂದಿಯ ನೀರಿನಲ್ಲಿ ಕೂಡುತ್ತವೆ. ಅಲ್ಲಿಂದ ಮೆಲ್ಲಗೆ ಮೇಲಕ್ಕೆ ಜಿನುಗುತ್ತವೆ. ಅಲೆ ಕದಡಿದರೆ, ಏಡಿ ಬಿಲ ತೋಡಿದರೆ ಇನ್ನೂ ಹೆಚ್ಚು. ಮೇಲಿನ ಪಾಚಿ, ಹವಳದ ಒಡಲಲ್ಲೇ ವಾಸ ಮಾಡುವ ಪಾಚಿ, ಅದನ್ನು ತಕ್ಷಣ ಹೀರಿಕೊಂಡುಬಿಡುತ್ತವೆ. ಅದಕ್ಕೇ ನೀರು ಖಾಲಿ ಕಾಣುವುದು. ಸಂತೆಯಲ್ಲಿ ಬಂದ ತಕ್ಷಣ ಮಾರಿಹೋದ ಸರಕಿನ ಹಾಗೆ.

ಬೋಗುಣಿಯೊಳಗಿನ ನೀರಲ್ಲಿ ಏನೇನು ಹೆಚ್ಚಾಗಿದೆ ಎಂದು ಅಳೆದರೆ ತಳ ಎಷ್ಟು ಕೊಡುತ್ತಿದೆ ಎಂದು ತಿಳಿಯುತ್ತದಂತೆ. ನಾನು ಬಗ್ಗಿ ಮೇಲಿನ ಬಿಳಿ ಮರಳನ್ನು ಬೆರಳಲ್ಲಿ ಕೆದಕಿದೆ. ಕೆಳಗೆ ಕಪ್ಪು. ಮೂಗಿಗೆ ತಂದರೆ ಕೊಳೆತ ಮೊಟ್ಟೆಯ ವಾಸನೆ. ನಮ್ಮ ಕೆರೆಯದೇ ವಾಸನೆ! ನನಗೆ ಗೊತ್ತಿಲ್ಲದ ಹಾಗೆ ಬಾಯಿಂದ ಕನ್ನಡ ಬಂತು.

"ಅಯ್ಯೋ, ಇದು ಗೋಡು!"

ಅಂದರೆ ಏನು ಎಂದಳು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಳದ ಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತೇವೆ, ಅದು ಬಿದ್ದ ಕಡೆ ರಾಗಿ ಕಪ್ಪಗೆ ಏಳುತ್ತದೆ ಎಂದು ವಿವರಿಸಿದೆ. ಅವಳ ಮುಖ ಅರಳಿತು. "ವಂಡಲ್! ನಾವು ವಂಡಲ್ ಅಂತೀವಿ ಅಕ್ಕಾ. ನಮ್ಮ ಪುಸ್ತಕದಲ್ಲೂ ಹಾಗೇ ಬರೀತೀವಿ."

ನಾನು ನೀರಿನಲ್ಲಿ ನಿಂತೇ ಇದ್ದೆ. ನೋಡಿ, ತಮಿಳು ಮಗುವಿಗೆ ಅದರ ಅಜ್ಜ ಆಡಿದ ಮಾತೇ ಪುಸ್ತಕದಲ್ಲಿ ಸಿಕ್ಕಿತು. ಅದೇ ತಳದ ಮಣ್ಣು ನಮ್ಮ ಮಗುವಿಗೆ ಮಾತ್ರ ಅವಸಾದ. ಇದನ್ನು ತಮಿಳಿನವರು ಮಾಡಿದ್ದಲ್ಲ. ಕನ್ನಡ ಬಲ್ಲ ಯಾರೋ ಕನ್ನಡದ ಮಕ್ಕಳಿಗೆ ಮಾಡಿದ್ದು. ನನ್ನ ಸಿಟ್ಟು ಬೇರು ಬಿಟ್ಟದ್ದು ಅಲ್ಲೇ, ಆ ಉಪ್ಪುನೀರಲ್ಲೇ.

ಅವಳಿಗೂ ಅವಳದೇ ಒಂದು ಸಿಟ್ಟಿತ್ತು. ದೋಣಿಯಲ್ಲಿ ವಾಪಸು ಬರುವಾಗ ದಡದ ಲಾಡ್ಜುಗಳ ಕಡೆ ಕೈ ತೋರಿಸಿದಳು. ಅವುಗಳ ಕೊಳಚೆ ನೀರೆಲ್ಲ ಕೊಳವೆಯಲ್ಲಿ ಸೀದಾ ಕಡಲಿಗೆ. "ಹೇಳಿದರೆ ಏನಂತಾರೆ ಗೊತ್ತಾ ಅಕ್ಕಾ? ನೀರು ತಿಳಿಯಾಗೇ ಇದೆಯಲ್ಲಮ್ಮಾ, ಬೇಕಾದರೆ ನಾಳೆ ಕೊಳವೆ ಮುಚ್ಚಿದರಾಯ್ತು ಅಂತಾರೆ. ಮುಚ್ಚಿದ ಮಾತ್ರಕ್ಕೆ ಮುಗಿಯುತ್ತಾ? ಹಾಕಿದ್ದನ್ನೆಲ್ಲ ತಳ ಇಟ್ಟುಕೊಂಡಿರುತ್ತೆ. ವರ್ಷಗಟ್ಟಲೆ ಮೇಲಕ್ಕೆ ಕೊಡ್ತಾನೇ ಇರುತ್ತೆ. ಪಾಚಿ ಬೆಳೆದು ಹವಳದ ಉಸಿರು ಕಟ್ಟಿಸುತ್ತೆ. ಆಗ ನೋಡೋಕೆ ಇವರು ಯಾರೂ ಇಲ್ಲಿರಲ್ಲ." ಆಮೇಲೆ ಅವಳನ್ನು ನಾನು ಕಾಣಲಿಲ್ಲ.

ರಜೆ ಮುಗಿದು ಶಾಲೆ ಶುರುವಾದ ಮೇಲೆ ಮಕ್ಕಳಿಗೆ ಬಿಸ್ಕತ್ತು ತುಂಬುವ ಗಾಜಿನ ಜಾಡಿ ತನ್ನಿ ಎಂದೆ. ಅಂಗಡಿ ಬೀದಿಯಿಂದ ಬೇಡಿ ತಂದರು. ಒಂದರ ತಳಕ್ಕೆ ಚೆನ್ನಾಗಿ ತೊಳೆದ ಮರಳು, ಇನ್ನೊಂದರ ತಳಕ್ಕೆ ಕೆರೆಯ ಗೋಡು. ಎರಡಕ್ಕೂ ಒಂದೇ ಬಾವಿಯ ನೀರು. ಆಗ ಊರೂರಲ್ಲೂ ಕೀಲು ಹಿಡಿದುಕೊಳ್ಳುವ ಜ್ವರ ಹಬ್ಬಿತ್ತು, ಸೊಳ್ಳೆಯಿಂದ ಬರುತ್ತದೆ ಎಂದು ಡಂಗುರ ಸಾರಿದ್ದರು. ಅದಕ್ಕೆ ಹಳೆಯ ಪಂಚೆ ಹರಿದು ಎರಡು ಜಾಡಿಯ ಬಾಯಿಗೂ ಬಿಗಿಯಾಗಿ ಕಟ್ಟಿಸಿದೆ. ಕಟ್ಟಿದವಳು ಆ ಎರಡನೇ ಬೆಂಚಿನ ಹುಡುಗಿಯೇ. ಕಿಟಕಿಯ ಕಟ್ಟೆಯ ಮೇಲೆ ಬಿಸಿಲು ಬೀಳುವ ಕಡೆ ಎರಡನ್ನೂ ಇಟ್ಟೆವು.

ಮರಳಿನ ಜಾಡಿ ತಿಳಿಯಾಗಿಯೇ ಉಳಿಯಿತು. ಗೋಡಿನ ಜಾಡಿಯಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ಗಾಜಿಗೆ ಅಂಟಿದ ಹಾಗೆ ಎಳೆಹಸಿರು ಬಂತು. ಸಣ್ಣ ಶಂಖದ ಹುಳು ಹರಿಯಿತು. ಕೆಂಪು ದಾರದಂಥ ಎರೆಗಳು ಗೋಡಿನಿಂದ ಬಾಲ ಹೊರಗಿಟ್ಟು ಆಡಿಸತೊಡಗಿದವು. ಮಕ್ಕಳು ಬೆಲ್ಲು ಹೊಡೆಯುವುದಕ್ಕೆ ಮೊದಲೇ ಬಂದು ಅದರ ಮುಂದೆ ಕುಕ್ಕರಿಸುತ್ತಿದ್ದರು.

"ಮ್ಯಾಲಿಂದ ಏನೂ ಆಕ್ನೇ ಇಲ್ವಲ್ಲ ಟೀಚರ್, ಅಸಿರು ಎಂಗ್ ಬಂತು?" ಎಂದು ಒಬ್ಬ.

"ಗೋಡು ಕೊಡ್ತದ ಕಣ್ಲಾ, ಇನ್ನೆಲ್ಲಿಂದ ಬತ್ತದೆ?" ಎಂದಳು ಹುಡುಗಿ. ಆಮೇಲೆ ನನ್ನ ಕಡೆ ತಿರುಗಿ, "ಕಡಲಲ್ಲೂ ಇಂಗೆಯಾ ಟೀಚರ್?" ಎಂದು ಕೇಳಿದಳು.

ಹೂಂ, ಹೀಗೇ, ಅಲ್ಲಿ ತಳದಲ್ಲಿ ಹವಳದ ಪುಡಿ, ಇಲ್ಲಿ ನಮ್ಮ ಮಣ್ಣು, ಕೊಟ್ಟು ತೆಗೆದುಕೊಳ್ಳುವುದು ಒಂದೇ ಎಂದೆ. ಅವತ್ತು ಅರ್ಧ ಪುಟದ ಪಾಠ ಮುಗಿಯಿತು. ಕಡಲನ್ನೇ ನೋಡದ ಆ ಮಕ್ಕಳಿಗೆ ಲಗೂನಿನ ತಳ ಅರ್ಥವಾಗಿತ್ತು. ಅಷ್ಟು ಖುಷಿ ನನ್ನ ನೌಕರಿಯಲ್ಲಿ ಮತ್ತೆ ಯಾವಾಗ ಸಿಕ್ಕಿತೋ ನೆನಪಿಲ್ಲ.

ಆ ವಾರವೇ ಇನ್‌ಸ್ಪೆಕ್ಷನ್ ಬಂತು. ಘಾಟಿಯ ಕೆಳಗಿನಿಂದ ಜೀಪಿನಲ್ಲಿ ಬಂದ ತಮಿಳು ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ. ಅದು ತಪ್ಪಲ್ಲ, ಬರಲೇಬೇಕು ಎಂದು ನಾನು ಹೇಳುತ್ತಿಲ್ಲ. ಹೆಡ್‌ಮಾಸ್ಟರು ನಮ್ಮವರೇ, ಎರಡೂ ಭಾಷೆ ಬಲ್ಲವರು, ಪಕ್ಕದಲ್ಲೇ ನಡೆಯುತ್ತಿದ್ದರು. ಅಧಿಕಾರಿ ನಮ್ಮ ತರಗತಿಗೆ ಕಾಲಿಟ್ಟವರು ಕಪ್ಪುಹಲಗೆ ನೋಡಲಿಲ್ಲ, ಮಕ್ಕಳ ಮುಖ ನೋಡಲಿಲ್ಲ. ನೇರ ಕಿಟಕಿಯ ಕಡೆ ನೋಡಿ ಮೂಗು ಮುಚ್ಚಿಕೊಂಡರು.

"ಏನಿದು? ತರಗತಿಯೊಳಗೆ ಚರಂಡಿ ಇಟ್ಟಿದ್ದೀರಾ?" ಎಂದು ತಮಿಳಿನಲ್ಲಿ ಕೇಳಿದರು.

ಪಾಠದ ಪ್ರಯೋಗ ಎಂದು ನಾನು ತಮಿಳಿನಲ್ಲೇ ಹೇಳಲು ಹೊರಟೆ. ಅವರು ಕೈ ಎತ್ತಿ ತಡೆದರು. ಊರೆಲ್ಲ ಜ್ವರ ಬಂದು ಮಲಗಿರುವಾಗ ಸೊಳ್ಳೆ ಸಾಕುತ್ತೀರಲ್ಲ, ಬುದ್ಧಿ ಇದೆಯಾ ಎಂದರು. ಹೆಡ್‌ಮಾಸ್ಟರು ತಕ್ಷಣ ಅಟೆಂಡರನ್ನು ಕೂಗಿದರು. ಅಟೆಂಡರು ಗೋಡಿನ ಜಾಡಿಯನ್ನು ಎತ್ತಿಕೊಂಡಾಗ ಆ ಹುಡುಗಿ ಎದ್ದು ನಿಂತಳು. ಅವಳ ಕೈ ಬೆಂಚಿನ ಅಂಚನ್ನು ಹಿಡಿದಿದ್ದು ನನಗೆ ಕಾಣುತ್ತಿತ್ತು.

"ಸಾರ್, ಬಾಯ್ಗೆ ಬಟ್ಟೆ ಕಟ್ಟೀವಿ ಸಾರ್. ಸೊಳ್ಳೆ ಒಳಕ್ಕೆ ಓಗಾಕಿಲ್ಲ. ಬೇಕಾದ್ರ ನೋಡಿ ಸಾರ್, ಒಂದ್ ಮರೀನೂ ಇಲ್ಲ."

ಅಧಿಕಾರಿ ಹೆಡ್‌ಮಾಸ್ಟರ ಕಡೆ ತಿರುಗಿ, ಏನು ಹೇಳುತ್ತಿದ್ದಾಳೆ ಎಂದು ಕೇಳಿದರು.

ಹೆಡ್‌ಮಾಸ್ಟರು ಅರೆಗಳಿಗೆಯೂ ಯೋಚಿಸಲಿಲ್ಲ. "ತಪ್ಪಾಯಿತು, ಕ್ಷಮಿಸಿ ಅಂತಿದ್ದಾಳೆ ಸಾರ್," ಎಂದು ತಮಿಳಿನಲ್ಲಿ ಹೇಳಿ ನಕ್ಕರು.

ಆ ಮಕ್ಕಳಿಗೆ ತಮಿಳು ಬರುವುದಿಲ್ಲ ಎಂದುಕೊಂಡರೇ? ಸಂತೆಯಲ್ಲಿ ಕೋಸು, ಆಲೂಗೆಡ್ಡೆ ಮಾರಿ ಬೆಳೆದ ಮಕ್ಕಳು. ಇಡೀ ತರಗತಿಗೆ ಅರ್ಥವಾಯಿತು. ಹುಡುಗಿಯ ಬಾಯಿ ತೆರೆದೇ ಇತ್ತು. ಆಡಿದ ಮಾತು ಕಣ್ಣೆದುರೇ ಬೇರೆ ಮಾತಾಗಿಹೋದರೆ ಯಾರಿಗಾದರೂ ಏನಾಗುತ್ತದೋ ಅದು ಅವಳ ಮುಖದಲ್ಲಿತ್ತು. ಜಾಡಿ ಹೊರಗೆ ಹೋಯಿತು. ನೀರು ಸುರಿದ ಸದ್ದು ಕೇಳಿಸಿತು.

"ಇಲ್ಲ ಸಾರ್, ಅವಳು ಹಾಗೆ ಹೇಳಲಿಲ್ಲ," ಎಂದೆ ನಾನು ತಮಿಳಿನಲ್ಲಿ. ಅವಳು ಹೇಳಿದ್ದನ್ನು ಒಂದೊಂದು ಮಾತೂ ಬಿಡದೆ ಹೇಳಿದೆ. ಜಾಡಿಯ ಬಾಯಿಗೆ ಬಟ್ಟೆ ಕಟ್ಟಿತ್ತು ಎಂದೂ ಹೇಳಿದೆ. ಅಧಿಕಾರಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಇದು ಸಿಲಬಸ್ಸಿನಲ್ಲಿದೆಯಾ?"

"ಇದೆ ಸಾರ್. ಅರ್ಧ ಪುಟ."

"ಅರ್ಧ ಪುಟಕ್ಕೆ ಇಷ್ಟೆಲ್ಲ ಗಲೀಜು ಯಾಕೆ? ಓದಿಸಿ, ಬಾಯಿಪಾಠ ಮಾಡಿಸಿ, ಮುಗಿಸಿ."

ಹೊರಟುಹೋದರು. ತಿಳಿನೀರಿನ ಮರಳಿನ ಜಾಡಿ ಮಾತ್ರ ಕಿಟಕಿಯಲ್ಲೇ ಉಳಿದಿತ್ತು. ಅದು ಯಾರ ಕಣ್ಣಿಗೂ ಗಲೀಜಾಗಿ ಕಂಡಿರಲಿಲ್ಲ. ಅದರಲ್ಲಿ ಜೀವವೂ ಇರಲಿಲ್ಲ.

ಜೀಪು ತಿರುವು ದಾಟಿದ ಮೇಲೆ ನಾನು ಹೆಡ್‌ಮಾಸ್ಟರ ರೂಮಿಗೆ ಹೋದೆ. ಕೂತುಕೊಳ್ಳಿ ಎಂದರು, ಕೂರಲಿಲ್ಲ.

"ಆ ಮಗು ತಪ್ಪಾಯ್ತು ಅಂತ ಯಾವಾಗ ಅಂತು ಸಾರ್?"

"ಏನ್ ಟೀಚರ್ ನೀವು, ಸಾಹೇಬ್ರ ಮುಂದೆ ನನ್ನ ಮರ್ಯಾದೆ ತೆಗೆದು ಈಗ ನನ್ನನ್ನೇ ಕೇಳ್ತೀರಲ್ಲ. ಅವಳು ಏನಂದ್ರೆ ಏನು? ಅವರಿಗೆ ಕೇಳೋಕೆ ಹಿತವಾಗಿರೋದನ್ನ ಹೇಳ್ದೆ. ಅವರು ಜೀಪ್ ಹತ್ತಿ ಹೋಗ್ಬೇಕು, ನಾವು ಇಲ್ಲಿ ನೆಮ್ಮದಿಯಾಗಿರ್ಬೇಕು. ಅಷ್ಟೇ."

"ನಿಮ್ಮ ನೆಮ್ಮದಿಗೆ ಅವಳ ಬಾಯಲ್ಲಿ ತಪ್ಪೊಪ್ಪಿಗೆ ಇಟ್ರಾ?"

ಅವರು ಫ್ಯಾನಿನ ಕಡೆ ನೋಡುತ್ತ ಕೂತರು. ಇನ್ನು ಮುಂದೆ ಮಣ್ಣು, ಕೆಸರು, ಹುಳ ಯಾವುದೂ ಶಾಲೆಯೊಳಗೆ ಬರಕೂಡದು ಎಂದರು.

ಮರುದಿನ ಹುಡುಗಿಯ ತಾಯಿ ಬಂದರು. ಹೊಲದಿಂದ ನೇರ ಬಂದಿದ್ದರು, ಕೈಯಲ್ಲಿ ಅರಿಶಿನದ ಬಣ್ಣ. ಹೆಡ್‌ಮಾಸ್ಟರು ನಗುತ್ತ, ಬನ್ನಿ ತಾಯಿ ಕೂತ್ಕೊಳ್ಳಿ ಎಂದರು. ಅವರೂ ಕೂರಲಿಲ್ಲ.

"ನನ್ ಮಗ್ಳು ಏನ್ ತಪ್ಪ್ ಮಾಡುದ್ಲು ಅಂತ ನೀವು ತಪ್ಪಾಯ್ತು ಅಂದ್ರಿ ಸಾರ್?"

"ಅದು ಸುಮ್ನೆ ಮಾತಿಗೆ ಅಂದದ್ದು ಕಣಮ್ಮ, ಬುಡಿ."

"ಯಾಕ್ ಬುಡ್ಲಿ? ಅವ್ಳು ರಾತ್ರಿ ಉಣ್ಣಲಿಲ್ಲ. ನಮ್ಮನೇಲಿ ತಪ್ಪ್ ಮಾಡುದ್ರ ನಾವೇ ಒಡೀತೀವಿ, ಮಾಡ್ದೇ ಇದ್ರ ಯಾರ್ ಮುಂದೂ ತಲೆ ಬಗ್ಸಾಕಿಲ್ಲ. ನಂಗೂ ತಮಿಳು ಬತ್ತದೆ ಸಾರ್, ಸಂತೇಲಿ ಆಡ್ತೀನಿ. ಇನ್ನೊಂದ್ ಸಲ ಆ ಸಾಹೇಬ್ರು ಬಂದಾಗ ನನ್ನ ಕರ್ಸಿ. ನನ್ ಮಗ್ಳ ಮಾತ ನಾನೇ ಏಳ್ತೀನಿ."

ಆ ತಾಯಿ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತು ನನ್ನನ್ನು ಕೇಳಿದರು, "ಅದ್ಕ ಎಷ್ಟ್ ಗೋಡು ಬೇಕವ್ವ? ನಮ್ ಗಾಡೀಲಿ ಆಕ್ಸ್ತೀನಿ."

ಗಾಡಿ ತುಂಬ ಗೋಡು ನನಗೆ ಬೇಕಿರಲಿಲ್ಲ, ಒಂದು ಬಾಂಡ್ಲಿ ಸಾಕಿತ್ತು. ಶಾಲೆಯಲ್ಲಿ ಜಾಗವಿಲ್ಲದ ಮೇಲೆ ತಾಳವಾಡಿಯ ನಮ್ಮ ಮನೆಯ ಜಗುಲಿಯಲ್ಲೇ ಜಾಡಿ ಇಟ್ಟೆ. ಭಾನುವಾರ ಮಕ್ಕಳು ಬರುತ್ತಿದ್ದರು. ಅತ್ತೆ ಮೊದಲು ಮೂಗು ಮುರಿದರು. ಆಮೇಲೆ ಅವರೇ ಬಂದವರಿಗೆಲ್ಲ ಎರೆ ತೋರಿಸುತ್ತ, ಕಡಲಿನ ತಳವೂ ಇದೇ ಥರವಂತೆ ಎಂದು ಹೇಳತೊಡಗಿದರು.

ಆ ವರ್ಷದ ಕೊನೆಗೆ ಈರೋಡಿನಲ್ಲಿ ಇನ್ನೊಂದು ಸಭೆ ಆಯಿತು. ಕನ್ನಡ ಪುಸ್ತಕಗಳ ಬಗ್ಗೆ ಮೇಷ್ಟರುಗಳು ತಮ್ಮ ಕಷ್ಟ ಹೇಳಿಕೊಳ್ಳಬಹುದು ಎಂದಿದ್ದರು. ಅನುವಾದದ ಕಡೆಯಿಂದ ಬಂದ ಹಿರಿಯರೊಬ್ಬರು ಮುಂದೆ ಕೂತಿದ್ದರು. ನಾನೆದ್ದು ನಿಂತು, ಅವಸಾದ ಬೇಡ, ಗೋಡು ಎಂದು ಬರೆಯಿರಿ, ಹಿಡಿಸದಿದ್ದರೆ ತಳದ ಮಣ್ಣು ಅನ್ನಿ ಎಂದೆ. ಅವರು ಸಮಾಧಾನದಿಂದ ನಕ್ಕರು.

"ಗೋಡು ಗ್ರಾಮ್ಯ ಪದ ತಾಯಿ. ಶಾಸ್ತ್ರಕ್ಕೆ ಒಂದು ಗಾಂಭೀರ್ಯ ಬೇಕು. ಅಲ್ಲದೆ ಎಲ್ಲ ಕಡೆಯವರಿಗೂ ಅದು ಅರ್ಥವಾಗುವುದಿಲ್ಲ."

"ಅವಸಾದ ಯಾವ ಕಡೆಯವರಿಗೆ ಅರ್ಥವಾಗುತ್ತೆ ಸಾರ್? ಈ ರೂಮಿನಲ್ಲಿ ಗೊತ್ತಿರೋರು ಕೈ ಎತ್ತಲಿ."

ಯಾರೂ ಎತ್ತಲಿಲ್ಲ. ನನ್ನ ಪರವಾಗಿಯೂ ಯಾರೂ ಮಾತಾಡಲಿಲ್ಲ. ಅದಕ್ಕೇ ಹೆಚ್ಚು ಸಿಟ್ಟು ಬಂತು. ಊಟದ ಹೊತ್ತಿಗೆ ಒಬ್ಬೊಬ್ಬರೇ ಬಂದು, ಚೆನ್ನಾಗಿ ಕೇಳಿದ್ರಿ ಟೀಚರ್ ಎಂದು ಕಿವಿಯಲ್ಲಿ ಹೇಳಿ ಹೋದರು. ಮುಂದಿನ ವರ್ಷದ ಪುಸ್ತಕದಲ್ಲಿ ರಟ್ಟಿನ ಬಣ್ಣ ಬದಲಾಗಿತ್ತು. ಒಳಗೆ ಅವಸಾದ ಹಾಗೇ ಇತ್ತು, ಜಲಸ್ತಂಭವೂ.

ಆ ಹುಡುಗಿ ಹತ್ತನೇ ತರಗತಿಯಲ್ಲಿ ಒಳ್ಳೆಯ ಮಾರ್ಕು ತೆಗೆದಳು. ಮುಂದೆ ವಿಜ್ಞಾನವೇ ಓದಬೇಕೆಂದು ಹಟ ಮಾಡಿದಳು. ನಮ್ಮ ಹತ್ತಿರದಲ್ಲಿ ಕನ್ನಡದಲ್ಲಿ ಅದು ಇರಲಿಲ್ಲ. ಗಡಿಯಾಚೆ ಚಾಮರಾಜನಗರದಲ್ಲಿ ಸೋದರಮಾವನ ಮನೆಯಿತ್ತು, ಅಲ್ಲಿಗೆ ಕಳಿಸಿದರು. ಅಲ್ಲಿ ಎಲ್ಲ ಇಂಗ್ಲಿಷು. ಮೊದಲ ರಜೆಗೆ ಬಂದವಳು ನಮ್ಮ ಜಗುಲಿಯಲ್ಲಿ ಕೂತು, "ಗೊತ್ತಿರೋದ್ನೇ ಏಳ್ತಾರೆ ಟೀಚರ್, ಆದ್ರ ಅದು ನಂಗ್ ಗೊತ್ತಿರೋದೇ ಅಂತ ತಿಳ್ಯಾಕೆ ಬಾಳ ಒತ್ತು ಬೇಕಾಯ್ತದೆ," ಎಂದಳು. ಎರಡನೇ ವರ್ಷ ಎರಡು ವಿಷಯ ಉಳಿಸಿಕೊಂಡಳು. ಮತ್ತೆ ಕಟ್ಟಿ ಪಾಸು ಮಾಡಿದಳು, ಆದರೆ ಮುಂದೆ ವಿಜ್ಞಾನ ಮುಟ್ಟಲಿಲ್ಲ. ಈಗ ಮದುವೆಯಾಗಿ, ಗಂಡನ ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು ಚೆನ್ನಾಗಿದ್ದಾಳೆ. ಹೊಲಿಗೆ ಕೀಳು ಕೆಲಸ ಎಂದು ನಾನು ಹೇಳುತ್ತಿಲ್ಲ. ಆದರೆ ಕಡಲಿನ ತಳ ಏನು ಕೊಡುತ್ತದೆ ಎಂದು ಜಾಡಿ ನೋಡಿ ತಾನೇ ಹೇಳಿದ ಮಗು ಅದು. ಅವಳಿಗೆ ಬುದ್ಧಿ ಸಾಲಲಿಲ್ಲ ಎಂದು ಯಾರಾದರೂ ಅಂದರೆ ನಾನು ಸುಮ್ಮನಿರುವವಳಲ್ಲ.

ಹೆಡ್‌ಮಾಸ್ಟರು ನಿವೃತ್ತರಾದ ದಿನ ಹಾರ, ಶಾಲು, ಬೋಂಡ, ಕೇಸರಿಬಾತು ಎಲ್ಲ ಇತ್ತು. ಅವರ ಬಗ್ಗೆ ಎರಡು ಮಾತು ಆಡಿ ಎಂದು ನನ್ನನ್ನು ಕರೆದರು. ನಾನು ಒಲ್ಲೆ ಎಂದೆ. ಕಾರ್ಯಕ್ರಮ ಮುಗಿದ ಮೇಲೆ ಅವರೇ ಹತ್ತಿರ ಬಂದರು. ಕೊರಳಲ್ಲಿ ಹಾರ ಇನ್ನೂ ಇತ್ತು.

"ಏನ್ ಟೀಚರ್, ಆ ಹಳೇ ವಿಚಾರಕ್ಕೆ ಇನ್ನೂ ಕೋಪಾನಾ?"

"ಹೌದು ಸಾರ್," ಎಂದೆ.

ಅವರು ತಮಾಷೆ ಎಂದುಕೊಂಡು ಜೋರಾಗಿ ನಕ್ಕು, ಕೇಸರಿಬಾತಿನ ತಟ್ಟೆಯನ್ನು ನನ್ನ ಕಡೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ.